ಯಾರು ಹೇಳಿದರೆ ಹೇಳಿಕೆ

ಮದುವೆಗೆ ಕರೆಯುವುದಕ್ಕೆ ನಮ್ಮ ಕಡೆ ಹೇಳಿಕೆ ಎನ್ನುತ್ತಾರೆ. ಕಾಗದ ಅಚ್ಚು ಹಾಕಿಸಬಹುದು, ಅದರ ಮೇಲೆ ಚಿನ್ನದ ಬಣ್ಣದ ಗಣಪತಿ ಇರಬಹುದು, ಅಂಚೆಯವನು ತಪ್ಪದೆ ತಲುಪಿಸಲೂಬಹುದು. ಅದು ಹೇಳಿಕೆ ಆಗುವುದಿಲ್ಲ. ಮದುವೆ ಮನೆಯವರು ಬರಬೇಕು, ಒಳಗೆ ಕೂರಬೇಕು, ಕೊಟ್ಟ ಬೆಲ್ಲ ತಿಂದು ನೀರು ಕುಡಿಯಬೇಕು. ಆಮೇಲೆ ಆ ಮನೆಯ ಹಿರಿಯರ ಎದುರು ಬಾಯಿಬಿಟ್ಟು ಹೇಳಬೇಕು: ಇಂಥವರ ಮಗಳು, ಇಂಥ ದಿನ, ಇಂಥ ಕಡೆ, ಮನಿಯವ್ರೆಲ್ಲ ಬರ್ಕ್, ಬಂದ್ ಚಂದ ಮಾಡಿ ಕೊಡ್ಕ್. ಕೇಳಿದವರು "ಆಯ್ತ್, ಬತ್ತೊ" ಎನ್ನಬೇಕು. ಇಷ್ಟರಲ್ಲಿ ಒಂದು ಬಿಟ್ಟುಹೋದರೂ ವರ್ಷಗಟ್ಟಲೆ ಮುನಿಸು ನಡೆಯುತ್ತದೆ. ಬಾಗಿಲಲ್ಲಿ ನಿಂತು ಹೇಳಿದರು, ಮಗನ ಹತ್ತಿರ ಹೇಳಿ ಅಪ್ಪನ ಹತ್ತಿರ ಹೇಳದೆ ಹೋದರು, ಇಂಥ ಮಾತಿಗೆ ಅಣ್ಣ ತಮ್ಮಂದಿರು ದೇವಸ್ಥಾನದಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ.

ನಾನು ಟೀಚರಾಗಿದ್ದ ಶಾಲೆಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಮುಖ್ಯೋಪಾಧ್ಯಾಯಿನಿಗೆ ಇದು ಕೊನೆಯವರೆಗೂ ರುಚಿಸಲಿಲ್ಲ. ಮಕ್ಕಳ ಮನೆಯವರು ಯಾರಾದರೂ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಬರ್ಕೇ ಟೀಚರ್ ಎಂದು ಹೇಳಿ ಹೋದ ಮೇಲೆ ಅವರು ನನ್ನನ್ನು ಕರೆಸುವರು. ಕರೆಯೋಕೆ ಬಂದವರು ಹೀಗಾ ಆರ್ಡರ್ ಮಾಡೋದು, ಒಂದು ದಯವಿಟ್ಟು ಬೇಡವೇ ಎಂದು ಕೇಳುವರು. ದಯವಿಟ್ಟು ಎಂಬುದು ನಮ್ಮಲ್ಲಿ ಬ್ಯಾಂಕಿನ ಗೋಡೆಯ ಮೇಲೆ ಬರೆಯುವ ಮಾತು ಎಂದೆ. ಬರಬೇಕು ಎನ್ನುವ ನಮ್ಮ ಬರ್ಕ್ ಹಾಗಲ್ಲ. ನಿಮ್ಮ ಮೇಲೆ ನನಗೆ ಹಕ್ಕುಂಟು, ನೀವು ಬಾರದೆ ಹೋದರೆ ನನ್ನ ಚಪ್ಪರಕ್ಕೆ ಕೊರತೆ ಎಂದು ಅರ್ಥ. ಅವರು ಮದುವೆಗೆ ಹೋದರು, ಉಂಡರು, ಆದರೂ ಆ ಗಟ್ಟಿತನ ತಮಗೆ ಹಿಡಿಸದು ಎಂದೇ ಹೇಳಿದರು. ಅವರ ಊರಿನ ಮೆದು ಮಾತು ನನಗೆ ನಾಟಕದಂತೆ ಕೇಳುತ್ತಿತ್ತು. ಲೆಕ್ಕ ಸಮ.

ಆದರೆ ಈ ಹೇಳಿಕೆಯಲ್ಲಿ ನನಗೂ ಗೊತ್ತಿಲ್ಲದ ಒಂದು ಕಟ್ಟಳೆ ಇತ್ತು. ಗೊತ್ತಿರಲಿಲ್ಲ ಎಂದರೆ, ನನ್ನ ಮೈಗೆ ತಾಗಿರಲಿಲ್ಲ.

ನಾನು ಕುಂದಾಪುರದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ದೈಹಿಕ ಶಿಕ್ಷಕಿಯಾಗಿದ್ದವಳು. ತಂದೆ ಸೈನ್ಯದಿಂದ ಬಿಡುಗಡೆಯಾಗಿ ಸಾಲಿಗ್ರಾಮಕ್ಕೆ ಬಂದು ನೆಲೆಸಿದವರು. ನಮ್ಮ ಮನೆಯಲ್ಲಿ ಹಾಸಿಗೆ ಮಡಚುವುದಕ್ಕೂ ಒಂದು ಕ್ರಮವಿತ್ತು. ನಸುಕಿಗೆ ಏಳಬೇಕು, ಚಪ್ಪಲಿ ಜೋಡಿಯಾಗಿಯೇ ಇಡಬೇಕು, ಕೇಳಿದ್ದಕ್ಕೆ ತಲೆ ಎತ್ತಿ ಉತ್ತರ ಹೇಳಬೇಕು. ಗಂಡನ ಮನೆಯ ಮೂಲ ಉಪ್ಪುಂದ. ಅವರು ಕುಂದಾಪುರದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. 1997ರಲ್ಲಿ ತೀರಿಕೊಂಡರು. ಮಗಳು ಆಗ ಹೈಸ್ಕೂಲಿನಲ್ಲಿದ್ದಳು.

ಅವರು ಹೋದ ಮೇಲೆ ಜನ ನನ್ನೊಡನೆ ಮಾತಾಡುವ ರೀತಿಯೇ ಬದಲಾಯಿತು. ಕೆಟ್ಟ ಮಾತಾಡಿದರು ಎಂದಲ್ಲ, ಮಾತು ಕಡಿಮೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಯಾರು ಸಿಕ್ಕರೂ "ಹ್ವಾಯ್ ಟೀಚರ್, ಎಲ್ಲಿಗ್ ಹೊರಟದ್ದ್?" ಎನ್ನುವರು. ಅದು ಪ್ರಶ್ನೆಯಲ್ಲ, ನಮ್ಮೂರಿನ ನಮಸ್ಕಾರ. ಈಗ ಅದನ್ನು ಕೇಳಲು ಅಳುಕು. ಹೂ ಮಾರುವವಳು ನನ್ನನ್ನು ಕಂಡರೆ ಕೂಗುವ ದನಿ ತಗ್ಗಿಸುತ್ತಿದ್ದಳು. ಮದುವೆಗೆ ಹೇಳಲು ಬಂದವರು ನನ್ನ ಮನೆಯಲ್ಲೇ ಕೂತು, ನಾನು ಕೊಟ್ಟ ನೀರನ್ನೇ ಕುಡಿದು, ನನ್ನ ಪಕ್ಕದಲ್ಲಿ ನಿಂತ ಹುಡುಗಿಯ ಮುಖ ನೋಡಿ "ಬರ್ಕ್, ಆಯ್ತಾ" ಎನ್ನುತ್ತಿದ್ದರು. ಮನೆ ನನ್ನದು, ಹಿರಿಯಳು ನಾನು, ಹೇಳಿಕೆ ಮಾತ್ರ ಹೈಸ್ಕೂಲಿನ ಹುಡುಗಿಗೆ. ಶಾಲೆಯ ಮೈದಾನದಲ್ಲಿ ನೂರಾರು ಮಕ್ಕಳು ನನ್ನ ಒಂದು ಮಾತಿಗೆ ಕೈ ಎತ್ತಿ ಇಳಿಸುತ್ತಿದ್ದರು. ಮೈದಾನದ ಗೇಟು ದಾಟಿದರೆ ನನ್ನ ಮಾತಿಗೆ ತೂಕವಿರಲಿಲ್ಲ. ಇದನ್ನು ನಾನು ಸಹಿಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ನೋಡುತ್ತ ಇದ್ದೆ, ಅಷ್ಟೆ.

ಮಗಳು ಬ್ಯಾಂಕಿನ ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ಮದುವೆ ನಿಶ್ಚಯವಾಯಿತು. ಹುಡುಗನ ಮನೆ ಬ್ರಹ್ಮಾವರದ ಆಚೆ, ಮನೆಮಾತು ತುಳು. ನಿಶ್ಚಯದ ದಿನ ಹುಡುಗನ ತಾಯಿ ನನ್ನ ಕೈ ಹಿಡಿದು, ತಮ್ಮ ತುಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: ಹುಡುಗಿಯ ತಂದೆಯ ಕಡೆಯವರು ಎಲ್ಲ ಬರುತ್ತಾರಲ್ಲ? ತಮಗೇನೂ ಇಲ್ಲ, ತಮ್ಮ ಹಿರಿಯರು ಅದನ್ನೇ ನೋಡುವವರು, ಧಾರೆಯ ಹೊತ್ತಿಗೆ ಹೆಣ್ಣಿನ ಹಿಂದೆ ಅವಳ ತಂದೆಯ ಕುಟುಂಬ ನಿಂತಿರಬೇಕು ಎಂದರು. ಬರುತ್ತಾರೆ ಎಂದು ನಾನು ಮಾತು ಕೊಟ್ಟೆ.

ಹೇಳಿಕೆಗೆ ಹೊರಡುವ ಮೊದಲು ಮುಂಬೈಯಿಂದ ಮೈದುನ ಮತ್ತು ಅವನ ಹೆಂಡತಿ ಬಂದರು. ಅಲ್ಲಿ ಅವನಿಗೆ ಹೋಟೆಲಿದೆ. ಒಳ್ಳೆಯ ಮನುಷ್ಯ, ಅಣ್ಣ ಹೋದ ಮೇಲೆ ನಮ್ಮನ್ನು ಕೈಬಿಟ್ಟವನಲ್ಲ. ಊಟವಾಗಿ ವೀಳ್ಯ ಹಾಕಿಕೊಂಡು, ನಾಳೆಯಿಂದ ಕಾರು ಗೊತ್ತು ಮಾಡಿದ್ದೇನೆ, ನಾವಿಬ್ಬರು ಉಪ್ಪುಂದದಿಂದ ಶುರು ಮಾಡುತ್ತೇವೆ ಎಂದ. ನಾನೂ ತಯಾರಿದ್ದೇನೆ, ಬೆಳಿಗ್ಗೆ ಬೇಗ ಹೊರಡೋಣ ಎಂದೆ. ಅವನು ಹೆಂಡತಿಯ ಮುಖ ನೋಡಿದ. ಓರಗಿತ್ತಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

"ಅರೆ ಅತ್ಗಿ, ನೀವ್ ಎಂತಕ್ಕೆ ತ್ರಾಸ್ ತಕಂಬುದ್? ನಾವ್ ಇದ್ದೊ ಅಲ್ದಾ?"

ತ್ರಾಸೇನಿಲ್ಲ, ರಜೆ ಇದೆ ಎಂದೆ. ಆಗ ಅವನು ಬಿಡಿಸಿ ಹೇಳಿದ. ಶುಭಕಾರ್ಯಕ್ಕೆ ಜೋಡಿ ಹೋಗಿ ಹೇಳಬೇಕು. ಗಂಡನಿಲ್ಲದ ನಾನು ಹೇಳಬಾರದು. ಹೇಳಿದರೂ ಅದು ಹೇಳಿಕೆ ಎಂದಾಗುವುದಿಲ್ಲ. ಉಪ್ಪುಂದದ ಮೂಲಮನೆಯ ಹಿರಿಯ ಅತ್ತೆ ಮೊದಲೇ ಒಪ್ಪುವವರಲ್ಲ, ಅವರ ಮನೆಯಿಂದ ಯಾರೂ ಹೊರಡದಿದ್ದರೆ ಕುಟುಂಬದ ಉಳಿದ ಮನೆಗಳೂ ಹೊರಡುವುದಿಲ್ಲ. ಬ್ರಹ್ಮಾವರದವರ ಎದುರು ಮಗಳು ತಂದೆಯ ಕಡೆಯ ಒಂದು ನರಪಿಳ್ಳೆಯೂ ಇಲ್ಲದೆ ನಿಲ್ಲಬೇಕಾಗುತ್ತದೆ. ಅವನು ಹೆದರಿಸಲು ಹೇಳಿದ್ದಲ್ಲ. ಅವನಿಗೇ ಹೆದರಿಕೆಯಿತ್ತು.

ನೀನು ನಿನ್ನ ಮುಂಬೈಯ ಗಿರಾಕಿಗಳಿಗೆ, ಪಕ್ಕದ ಅಂಗಡಿಯ ಮರಾಠಿಯವನಿಗೆ ಹೇಗೆ ಹೇಳಿದೆ ಎಂದು ಕೇಳಿದೆ. ಫೋನಿನಲ್ಲಿ ಎಂದ. ಹಿಂದಿಯಲ್ಲಿ ಎಂದ. ಅವರು ಬರುತ್ತಾರಾ ಎಂದೆ. ಟಿಕೆಟ್ ಮಾಡಿಸಿದ್ದಾರೆ ಎಂದ.

"ಮುಂಬೈಯವ್ರಿಗೆ ಫೋನಂಗ್ ಹೇಳಿರೆ ಆತ್ತ್. ನಾನ್ ಎದ್ರ್ ಕೂಕಂಡ್ ಬಾಯಂಗ್ ಹೇಳಿರೆ ಆತಿಲ್ಯಾ?"

ಉತ್ತರ ಹೇಳಿದವಳು ಮಗಳು. ಅಮ್ಮ, ಒಂದು ಸಲದ ವಿಷಯ, ಚಿಕ್ಕಪ್ಪ ಹೇಳಲಿ ಎಂದಳು. ಅವಳ ದನಿಯಲ್ಲಿ ಬೇಡಿಕೆಯಿತ್ತು. ನನಗೆ ಮೈದುನನ ಮಾತಿಗಿಂತ ಇದು ಹೆಚ್ಚು ನೋವಾಯಿತು, ಮನಸ್ಸು ಇನ್ನಷ್ಟು ಗಟ್ಟಿಯೂ ಆಯಿತು. ಹೊಟ್ಟೆಯಲ್ಲಿ ಹೊತ್ತು ಹೆತ್ತು, ಒಂಟಿಯಾಗಿ ಓದಿಸಿ, ಈಗ ಅವಳ ಮದುವೆ ಎಂಬ ನಾಲ್ಕು ಮಾತನ್ನು ನನ್ನ ಬಾಯಿ ಆಡಬಾರದು ಎಂದರೆ, ಆ ಬಾಯಿ ಬೇರೆ ಯಾವ ಕೆಲಸಕ್ಕೆ ಇರುವುದು?

ಮರುದಿನ ಕಾರು ಬರುವ ಮೊದಲೇ ನಾನು ಹೈವೇಯಲ್ಲಿ ಬಸ್ಸಿಗೆ ನಿಂತಿದ್ದೆ. ಚೀಲದಲ್ಲಿ ಕಾಗದಗಳ ಕಟ್ಟು, ಅದರ ಮೇಲೆ ಕುಂಕುಮದ ಭರಣಿ. ಹೇಳಿಕೆಯ ಕೊನೆಗೆ ಆ ಮನೆಯ ಹೆಂಗಸರಿಗೆ ಕುಂಕುಮ ಕೊಡುವುದು ರೂಢಿ. ಭರಣಿ ನನ್ನ ಮದುವೆಯದೇ.

ಮೊದಲು ಹೋದದ್ದು ಉಪ್ಪುಂದವಿರುವ ಉತ್ತರಕ್ಕಲ್ಲ, ದಕ್ಷಿಣಕ್ಕೆ. ಬ್ರಹ್ಮಾವರದಲ್ಲಿ ನನ್ನ ಜೊತೆ ಪಾಠ ಮಾಡಿ ನಿವೃತ್ತರಾದ ಕ್ರಿಶ್ಚಿಯನ್ ಟೀಚರ್ ಒಬ್ಬರಿದ್ದರು, ನನಗಿಂತ ಹಿರಿಯರು, ಮನೆಯಲ್ಲಿ ಕೊಂಕಣಿ. ಅವರೂ ಗಂಡನನ್ನು ಕಳೆದುಕೊಂಡವರು. ನಾನು ಕೂತು ಹೇಳಬೇಕಾದ್ದನ್ನು ಕ್ರಮವಾಗಿ ಹೇಳಿದೆ. ಅವರು ಕೇಳಿ, ಕಾಗದ ಕಣ್ಣಿಗೊತ್ತಿಕೊಂಡು, ನನ್ನ ಮುಖ ನೋಡಿ ನಕ್ಕರು. ಪರೀಕ್ಷೆ ಬರೆಯಲು ಹೊರಟ ಹುಡುಗಿಯ ಹಾಗೆ ಯಾಕಿದ್ದೀರಿ ಎಂದರು. ಹೇಳಿದೆ. ತಮ್ಮ ಮಗನ ಮದುವೆಗೆ ತಾವೇ ಮನೆಮನೆಗೆ ಹೋಗಿ ಹೇಳಿದ್ದಾಗಿ, ಯಾರೂ ಒಂದು ಮಾತು ಆಡಲಿಲ್ಲವೆಂದು ಅವರು ಅಂದರು. ನಿಮ್ಮಲ್ಲಿ ಅದು ನಡೆಯುತ್ತದೆ ಟೀಚರ್ ಎಂದೆ.

"ನಡೆಯುತ್ತದೆ ಅಂತ ಅಲ್ಲ. ಸತ್ತದ್ದು ನನ್ನ ಗಂಡ ಟೀಚರ್, ನನ್ನ ನಾಲಿಗೆ ಅಲ್ಲ."

ಆ ಮಾತನ್ನು ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೆ. ನಮಗೂ ಬ್ರಹ್ಮಾವರಕ್ಕೂ ನಡುವಿನ ಹೊಳೆಯ ಆ ಕಡೆಗೂ ಈ ಕಡೆಗೂ ಜನ ಬದುಕುವುದು ಒಂದೇ ಮೀನು, ಒಂದೇ ಕುಚ್ಚಲಕ್ಕಿಯ ಮೇಲೆ. ಬ್ರಹ್ಮಾವರದ ಸಿಮೆಂಟು ಬೆಂಚಿನ ಮೇಲೆ ಕೊಂಕಣಿ, ತುಳು, ನಮ್ಮ ಕನ್ನಡ ಮೂರೂ ಬಸ್ಸಿಗೆ ಕಾಯುತ್ತ ಕೂತಿರುತ್ತವೆ. ಒಂದು ಮನೆಯಲ್ಲಿ ತಾಯಿ ಹೇಳಿದರೆ ಹೇಳಿಕೆ, ಪಕ್ಕದ ಮನೆಯಲ್ಲಿ ಅದೇ ತಾಯಿ ಹೇಳಿದರೆ ಗಾಳಿ. ದೇವರೇ ಮಾಡಿದ ಕಟ್ಟಳೆಯಾಗಿದ್ದರೆ ಬಸ್ಸು ಎರಡು ಸ್ಟಾಪು ದಾಟುವುದರೊಳಗೆ ಬದಲಾಗುತ್ತಿರಲಿಲ್ಲ.

ಬೈಂದೂರಿನಲ್ಲಿ ನನ್ನ ಗಂಡನ ದೊಡ್ಡಪ್ಪನ ಮಗನ ಮನೆ. ಸಂಬಂಧದಲ್ಲಿ ನನಗೆ ಭಾವ. ಕಂಡೊಡನೆ ಚಾವಡಿಗೆ ಕರೆದು ಕೂರಿಸಿದರು. ಬೆಲ್ಲ ಬಂತು, ನೀರು ಬಂತು. ಸೆಖೆಯ ಮಾತು, ಬಂಗುಡೆಯ ದರದ ಮಾತು, ರೈಲು ಬಂದ ಮೇಲೆ ಮುಂಬೈ ಎಷ್ಟು ಹತ್ತಿರವಾಯಿತು ಎಂಬ ಮಾತು, ಎಲ್ಲ ಆಯಿತು. ನಾನು ಚೀಲಕ್ಕೆ ಕೈ ಹಾಕಿದ್ದೇ ಅವರ ಹೆಂಡತಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋದರು. ಭಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

"ತಮ್ಮ ಬತ್ತ ಅಲ್ದಾ? ಅವ ಬಂದಾಗ ಮಾತಾಡ್ವ."

ಅವನು ಬರುವುದಿಲ್ಲ, ಈ ಮನೆಗೆ ಹೇಳಲು ಬಂದವಳು ನಾನು, ಅಕ್ಕ ಹೊರಗೆ ಬರಲಿ ಎಂದೆ. ಅಕ್ಕ ಬರಲಿಲ್ಲ. ನಾನು ಏಳಲಿಲ್ಲ. ಶಾಲೆಯಲ್ಲಿ ಸಾಲು ನೆಟ್ಟಗಾಗುವ ತನಕ ನಾನು ಸೀಟಿ ಊದುತ್ತಿರಲಿಲ್ಲ, ಬಿಸಿಲಿದ್ದರೂ ಸರಿ, ಎಷ್ಟು ಹೊತ್ತಾದರೂ ಸರಿ. ಹಾಗೆಯೇ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಭಾವ ಒಮ್ಮೆ ಕೆಮ್ಮಿದರು, ಒಮ್ಮೆ ಎದ್ದು ಫ್ಯಾನು ಜೋರು ಮಾಡಿದರು. ಒಳಗೆ ಒಲೆಯ ಮೇಲಿದ್ದದ್ದು ಸೀದ ವಾಸನೆ ಬಂತು. ಕೊನೆಗೆ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. ನಾನು ನಿಂತು, ಇಬ್ಬರಿಗೂ ಕೇಳುವ ಹಾಗೆ, ಒಂದು ಅಕ್ಷರ ನುಂಗದೆ ಹೇಳಿದೆ. ಭರಣಿ ತೆರೆದು ಮೇಜಿನ ಮೇಲಿಟ್ಟೆ. ನನ್ನ ಕೈಯಿಂದ ಬೇಡವಾದರೆ ನಿಮ್ಮ ಕೈಯಿಂದಲೇ ಇಟ್ಟುಕೊಳ್ಳಿ ಎಂದೆ. ಅಕ್ಕ ಭರಣಿಯನ್ನೂ ಗಂಡನನ್ನೂ ನೋಡಿದರು. ಮುಟ್ಟಲಿಲ್ಲ. ಭಾವ "ಕಾಂಬ" ಎಂದರು, ನೋಡೋಣ ಎಂದು. ಹೇಳಿಕೆಗೆ ಕಾಂಬ ಎಂಬ ಉತ್ತರವಿಲ್ಲ. ಅದು ಗೊತ್ತಿದ್ದೇ ಅವರು ಅಂದದ್ದು.

ಎಲ್ಲ ಮನೆಗಳೂ ಹೀಗಿರಲಿಲ್ಲ. ನಾಗೂರಿನ ನೆಂಟರ ಮನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೊಸೆ. ನಾನು ಹೇಳಿ ಮುಗಿಸುವ ಮೊದಲೇ ಬತ್ತೊ ಟೀಚರ್ ಎಂದು, ಅತ್ತೆ ಕಣ್ಣು ಬಿಡುತ್ತಿದ್ದರೂ ನನ್ನ ಮುಂದೆ ಹಣೆ ಒಡ್ಡಿ ನಿಂತಳು. ಆ ಹುಡುಗಿಯ ಹಣೆಗೆ ಕುಂಕುಮ ಇಟ್ಟು ಭರಣಿ ಮುಚ್ಚಿದೆ.

ಉಪ್ಪುಂದಕ್ಕೆ ತಲುಪಿದಾಗ ಇಳಿಹೊತ್ತು. ಮೂಲಮನೆ ಕಡಲಿಗೆ ಹತ್ತಿರ, ಅಂಗಳದಲ್ಲಿ ಒಣಮೀನಿನ ವಾಸನೆ. ಅತ್ತೆ ಎಂದರೆ ನನ್ನ ಮಾವನ ಅಕ್ಕ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವರು, ಅಲ್ಲಿಂದ ಆ ಮನೆಯ ಆಡಳಿತವನ್ನೇ ಹಿಡಿದವರು. ಗದ್ದೆ ಯಾವಾಗ ನಾಟಿ, ದೈವಕ್ಕೆ ಯಾವಾಗ ಪೂಜೆ, ಯಾರ ಮನೆಗೆ ಯಾರು ಹೋಗಬೇಕು ಎಂಬುದೆಲ್ಲ ಅವರ ಬಾಯಿಂದಲೇ ಬರಬೇಕು. ಆದರೆ ಒಂದು ಮದುವೆಯ ಹೇಳಿಕೆ ಆ ಬಾಯಿಂದ ಬಂದದ್ದಿಲ್ಲ, ಅವರು ಒಂದು ಮದುವೆಗೆ ಹೋದದ್ದೂ ಇಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು ತೆಂಗಿನ ಗರಿಯಿಂದ ಕಡ್ಡಿ ಬಿಡಿಸುತ್ತಿದ್ದರು. ನಾನು ಬರುವ ಸುದ್ದಿ ಬೈಂದೂರಿನಿಂದ ಅದಾಗಲೇ ಬಂದಿತ್ತು.

"ಬಂದ್ಯಾ. ಕೂಕೊ. ಗಂಡ ಹೋಪತಿಗೆ ನಂಗೆ ನಿನ್ ಮಗಳ್ ಪ್ರಾಯ. ಅಲ್ಲಿಂದ ಇಲ್ಲಿವರಿಗೆ ಒಂದ್ ಚಪ್ಪರದಡಿಗೆ ಹೋಯ್ಲಿಲ್ಲ, ಒಬ್ರಿಗ್ ಬರ್ಕ್ ಅಂದ್ ಹೇಳ್ಲಿಲ್ಲ. ನಂಗ್ ಎಂತ ಆಯ್ತ್?"

"ನಿಮ್ಗ್ ಎಂತ ಆಯ್ತ್ ಅಂದ್ ಯಾರಾರೂ ಕೇಂಡಿದ್ರಾ ಅತ್ತೆ?"

ಕಡ್ಡಿ ಬಿಡಿಸುವ ಕತ್ತಿ ನಿಂತಿತು. ಅವರು ಕಡಲಿನ ದಿಕ್ಕಿಗೆ ಮುಖ ಮಾಡಿದರು. ನಾನು ಎದ್ದು, ಅವರ ಎದುರಿಗೆ ನೆಲದಲ್ಲಿ ಕೂತು, ಅವರು ಕೇಳುತ್ತಾರೋ ಇಲ್ಲವೋ ನೋಡದೆ, ಹೇಳಬೇಕಾದ್ದನ್ನು ಹೇಳಿದೆ. ಮನಿಯವ್ರೆಲ್ಲ ಬರ್ಕ್ ಎಂದ ಮೇಲೆ, ಅದರಲ್ಲಿ ನೀವೂ ಇದ್ದೀರಿ ಎಂದು ಸೇರಿಸಿದೆ. ಅವರು ಆಯ್ತ್ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿ ಬಸ್ಸು ಹಿಡಿದೆ.

ನಾಲ್ಕೈದು ದಿನವಾದ ಮೇಲೆ ಕುಂದಾಪುರದ ಸಂತೆಯಲ್ಲಿ ನಾಗೂರಿನ ಆ ಹುಡುಗಿ ಸಿಕ್ಕಳು. ತರಕಾರಿ ಆರಿಸುತ್ತ ಸಹಜವಾಗಿ ಹೇಳಿದಳು, ನಿನ್ನೆ ನಿಮ್ಮ ಮೈದುನನೂ ಅವರ ಹೆಂಡತಿಯೂ ಬಂದು ಹೇಳಿ ಹೋದರು, ಎರಡೆರಡು ಸಲ ಯಾಕೆ ಟೀಚರ್, ನಾವು ಬರುವುದೇ ಅಲ್ಲವಾ ಎಂದು. ನನ್ನ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದೆ.

ಮೈದುನ ಅಡಗಿಸಲಿಲ್ಲ. ನಾನು ಹೋದ ಮನೆಗಳಿಗೆಲ್ಲ ಹಿಂದಿನಿಂದ ಕಾರಿನಲ್ಲಿ ಹೋಗಿ ಹೊಸದಾಗಿ ಹೇಳಿಕೆ ಮಾಡಿದ್ದ. ನನ್ನದನ್ನು ಯಾರಾದರೂ ಎತ್ತಿದರೆ, ಅತ್ತಿಗೆಗೆ ತಡೆಯಲಿಲ್ಲ, ಬೇಸರ ಮಾಡಬೇಡಿ ಎಂದಿದ್ದ. ಯಾರು ಹೇಳಿದರು ನಿನಗೆ ಹೋಗಲು ಎಂದು ಕೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಮಗಳು, ನಾನೇ ಅಮ್ಮ ಎಂದಳು. ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮುಖ ತೊಳೆದು ಬಾ ಎಂದೆ. ಎಲ್ಲ ಸೇರಿ ನನ್ನ ಮಾತನ್ನು ಆಡದ ಮಾತು ಮಾಡಿದ್ದರು. ನನಗೆ ಒಳ್ಳೆಯದನ್ನೇ ಬಯಸಿ ಮಾಡಿದ್ದರು ಎಂಬುದು ಅದನ್ನು ಇನ್ನೂ ಕೆಟ್ಟದಾಗಿಸಿತು.

ಉಪ್ಪುಂದಕ್ಕೂ ಹೋದೆಯಾ ಎಂದು ಕೇಳಿದೆ. ಹೋಗಿದ್ದ. ಅಲ್ಲಿ ಎಂತ ಹೇಳಿದರು ಎಂದರೆ ತಲೆ ತುರಿಸಿಕೊಂಡ. ಓರಗಿತ್ತಿಗೆ ನಗು ತಡೆಯಲಾಗಲಿಲ್ಲ, ಅವಳೇ ಹೇಳಿದಳು. ಅತ್ತೆ ಇವರನ್ನು ಜಗಲಿ ಹತ್ತಗೊಟ್ಟಿರಲಿಲ್ಲ. ಬೆಲ್ಲದ ತಟ್ಟೆ ಹೊರಗೆ ತಂದ ಸೊಸೆಯನ್ನೂ ವಾಪಸು ಕಳಿಸಿದ್ದರಂತೆ.

"ಒಂದ್ ಮದಿಗ್ ಎರಡ್ ಹೇಳಿಕೆ ಎಲ್ಲಿತ್ತ್ ಮಾರಾಯಾ? ಮೊದ್ಲ್ ಹೇಳ್ದವ್ಳಿಗ್ ಮರ್ಲ್ ಅಂದಾ? ನಮ್ ಮನಿ ಹೆಣ್ಣಿಗ್ ಮರ್ಲ್ ಹುಚ್ಚ್ ಎಂತದೂ ಇಲ್ಲ. ಹೋಯ್ ಹೋಟ್ಲ್ ಕಾಣ್."

ಅತ್ತೆಯ ದನಿಯನ್ನು ಓರಗಿತ್ತಿ ಅಷ್ಟು ಚೆನ್ನಾಗಿ ಆಡಿ ತೋರಿಸಿದಳೆಂದರೆ ಅಳುತ್ತಿದ್ದ ಮಗಳೂ ನಕ್ಕಳು. ನಾನು ನಗಲಿಲ್ಲ. ಅದು ಪ್ರೀತಿಯಲ್ಲ ಎಂದು ನನಗೆ ಗೊತ್ತಿತ್ತು. ಕಟ್ಟಳೆಯಲ್ಲಿ ಬೆಳೆದವರು ಕಟ್ಟಳೆಯನ್ನೇ ಹಿಡಿದಿದ್ದರು. ವಿಧವೆ ಹೇಳಬಾರದು ಎಂಬುದೊಂದು ಕಟ್ಟಳೆ, ಒಂದು ಮನೆಯಿಂದ ಒಮ್ಮೆ ಹೇಳಿದ್ದನ್ನು ಅಳಿಸಬಾರದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ಅವರು ತೀರ್ಮಾನಿಸಿದ್ದರು. ಬರುತ್ತೇನೆ ಎಂದು ಅವನಿಗೂ ಹೇಳಿರಲಿಲ್ಲ. ಮೈದುನನ ಹೆದರಿಕೆ ಈಗ ಎರಡು ಪಟ್ಟಾಗಿತ್ತು.

ಅವನು ಬೇಡ ಬೇಡವೆಂದರೂ ನಾನು ಮತ್ತೆ ಬೈಂದೂರಿಗೆ ಹೋದೆ. ಅಲ್ಲಿ ಎರಡನೆಯ ಹೇಳಿಕೆಗೆ ಆಯ್ತ್ ಬತ್ತೊ ಎಂದಿದ್ದರು, ಓರಗಿತ್ತಿಯ ಕೈಯಿಂದ ಕುಂಕುಮವನ್ನೂ ಇಟ್ಟುಕೊಂಡಿದ್ದರು. ಈ ಸಲ ನಾನು ಕೂರಲಿಲ್ಲ. ಈ ಮದುವೆಗೆ ಒಂದೇ ಹೇಳಿಕೆ, ಅದು ನನ್ನದು, ಅದಕ್ಕೆ ಬರುವುದಾದರೆ ಬನ್ನಿ, ಇನ್ನೊಂದಕ್ಕೆ ಬರಬೇಡಿ ಎಂದೆ. ಭಾವ ಕೆಂಪಾದರು. ಮನೆಗೆ ಬಂದು ಬರಬೇಡಿ ಎಂದು ಹೇಳಿದವರನ್ನು ತಾವು ಹುಟ್ಟಿದ ಮೇಲೆ ಕಂಡಿಲ್ಲ ಎಂದರು. ನಾನೂ ಕಂಡಿರಲಿಲ್ಲ. ಇಂಥ ಮಾತಿಗೆ ನಮ್ಮಲ್ಲಿ ಹೆಸರೇ ಇಲ್ಲ.

ಮದುವೆ ಕುಂದಾಪುರದ ಒಂದು ಸಭಾಭವನದಲ್ಲಿ. ಬೆಳಿಗ್ಗೆಯಿಂದ ನಾನು ಬಾಗಿಲಲ್ಲಿ ನಿಂತು ಬಂದವರಿಗೆ ಬನಿ ಬನಿ ಎನ್ನುತ್ತಿದ್ದೆ. ನನ್ನ ಪಕ್ಕದಲ್ಲಿ ಮೈದುನ. ಬ್ರಹ್ಮಾವರದ ಬಸ್ಸು ಬಂತು, ತುಳುವಿನ ಗದ್ದಲ ಒಳಗೆ ತುಂಬಿತು. ಹುಡುಗನ ಅಜ್ಜ ಮುಂದಿನ ಸಾಲಿನಲ್ಲಿ ಕೂತು ಎಡಗಡೆಯ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ಅವು ತಂದೆಯ ಕಡೆಯವರಿಗೆ ಬಿಟ್ಟ ಕುರ್ಚಿಗಳು. ನಾಗೂರಿನವರು ಬಂದರು, ಇನ್ನೆರಡು ಮನೆಯವರು ಬಂದರು. ಬೈಂದೂರು ಬರಲಿಲ್ಲ. ಮುಹೂರ್ತ ಹತ್ತಿರವಾಗುತ್ತ ಹುಡುಗನ ತಾಯಿ ಒಮ್ಮೆ ನನ್ನತ್ತ ನೋಡಿ ಕಣ್ಣು ತಗ್ಗಿಸಿದರು. ಹೆಮ್ಮೆಗಾಗಿ ಮಗಳನ್ನು ಪಣಕ್ಕಿಟ್ಟೆನೇ ಎಂದು ಕೇಳಿಕೊಂಡೆ. ಇಲ್ಲ ಎಂದು ನಾನೇ ಉತ್ತರ ಹೇಳಿಕೊಂಡೆ, ಆದರೆ ದನಿ ಅಷ್ಟು ಗಟ್ಟಿಯಿರಲಿಲ್ಲ.

ವಾಲಗದವರು ಎದ್ದು ನಿಲ್ಲುವ ಹೊತ್ತಿಗೆ ಹೊರಗೆ ಟೆಂಪೋ ಒಂದು ನಿಂತಿತು. ಉಪ್ಪುಂದದ ಮೂಲಮನೆಯ ಗಂಡಸರು, ಹೆಂಗಸರು, ಮಕ್ಕಳು ಇಳಿದರು. ಡ್ರೈವರನ ಪಕ್ಕದ ಸೀಟಿನಿಂದ, ಯಾರ ಕೈಯನ್ನೂ ಹಿಡಿಯದೆ, ಅತ್ತೆ ಇಳಿದರು. ಮುಂದಿನ ಕುರ್ಚಿಗೆ ಕರೆದರೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತರು. ಆದರೆ ತಮ್ಮ ಮನೆಯವರನ್ನೆಲ್ಲ ಕೈ ಬೀಸಿ ಮುಂದಕ್ಕೆ ಅಟ್ಟಿದರು. ಎಡಗಡೆಯ ಕುರ್ಚಿಗಳು ತುಂಬಿದವು. ಧಾರೆ ಎರೆದವರು ಮೈದುನ ದಂಪತಿ. ಆ ಹಕ್ಕನ್ನು ನಾನು ಕೇಳಲಿಲ್ಲ. ಒಂದು ಹೊತ್ತಿಗೆ ಒಂದೇ ಪಂದ್ಯ ಆಡಬೇಕು ಎಂದು ಮಕ್ಕಳಿಗೆ ಕಲಿಸಿದವಳು ನಾನು.

ಊಟವಾಗಿ ಜನ ಹೊರಡುವ ಹೊತ್ತು. ನಮ್ಮಲ್ಲಿ ಹೊರಡುವಾಗಲೂ ಒಂದು ಕ್ರಮವಿದೆ. ಯಾರು ಹೇಳಿಕೆ ಹೇಳಿದರೋ ಅವರನ್ನು ಹುಡುಕಿ, ಅವರಿಗೆ ಹೇಳಿ ಹೋಗಬೇಕು. ಮೈದುನ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ. ನಾನು ಒಳಗೆ ಊಟದ ಹಾಲಿನಲ್ಲಿ ಕೊನೆಯ ಪಂಕ್ತಿಗೆ ಎಲೆ ಹಾಕಿಸುತ್ತಿದ್ದೆ. ಜನ ಅವನಿಗೇ ಹೇಳಿ ಇಳಿಯುತ್ತಿದ್ದರು. ಅತ್ತೆ ಅವನ ಎದುರಿಗೆ ಬಂದು ನಿಂತದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. ಅವನು ಬಗ್ಗಿ, ಹೊರಟದ್ದಾ ಅತ್ತೆ ಎಂದ. ಅವರು ಅವನ ಹೆಗಲ ಮೇಲಿಂದ ಒಳಗೆ ಇಣುಕಿ, ಹಾಲಿನ ಉದ್ದಗಲಕ್ಕೆ ಕೇಳುವ ಹಾಗೆ ಕೇಳಿದರು:

"ನಿಂಗೆ ಎಂತ ಹೇಳುದ್? ಹೇಳಿಕೆ ಹೇಳ್ದವ್ಳ್ ಎಲ್ಲಿತ್ತ್?"

ಬ್ರಹ್ಮಾವರದ ಅಜ್ಜ ತಿರುಗಿ ನೋಡಿದರು. ಎಲೆ ಎತ್ತುತ್ತಿದ್ದವರೂ ನಿಂತರು. ನಾನು ಸೆರಗು ಸರಿ ಮಾಡಿಕೊಂಡು ಹೊರಗೆ ಬಂದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಮೆಚ್ಚುಗೆ ಏನೂ ಇರಲಿಲ್ಲ.

"ಊಟ ಆಯ್ತ್. ಸಾರಿಗ್ ಉಪ್ಪ್ ಹೆಚ್ಚಾಯಿತ್. ನಾ ಬತ್ತೆ."

ಅವರ ಹಿಂದೆ ಮೂಲಮನೆಯವರು ಒಬ್ಬೊಬ್ಬರಾಗಿ ನನ್ನ ಎದುರು ಬಂದು ಬತ್ತೊ ಎಂದರು. ಅಷ್ಟರಲ್ಲಿ ಮೈದುನನಿಗೆ ಹೇಳಿ ಮೆಟ್ಟಿಲು ಇಳಿದಿದ್ದ ಕೆಲವರು ಮುಖ ಮುಖ ನೋಡಿಕೊಂಡು ಮೆಟ್ಟಿಲು ಹತ್ತಿ ವಾಪಸು ಬಂದರು. ನಾನು ಯಾರನ್ನೂ ಅವಸರ ಮಾಡಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಸಂಬಂಧ ಹಿಡಿದು ಕರೆದು, ಬಂದದ್ದು ಚಂದ ಆಯಿತು ಎಂದು ಹೇಳಿ ಕಳಿಸಿದೆ. ಮೈದುನ ಬಾಗಿಲು ಬಿಟ್ಟು ಬಂದು ನನ್ನ ಹಿಂದೆ ನಿಂತ.